ನನ್ನ ಖಾತೆಗೆ ಇನ್ನೊಬ್ಬನ ಗಂಟಲು

ಬ್ಯಾಂಕಿನ ಗ್ರಾಹಕ ದೂರು ವಿಭಾಗದ ಮುಖ್ಯಸ್ಥರೇ,

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ದುಡಿಮೆಯ ಹಣ ನಿಮ್ಮ ಬ್ಯಾಂಕಿನ ಒಳಗಿದೆ, ನಾನು ಹೊರಗಿದ್ದೇನೆ, ನಡುವೆ ನಿಮ್ಮದೊಂದು ಯಂತ್ರ ಕೂತು ‘ನೀನು ನೀನಲ್ಲ’ ಅನ್ನುತ್ತಿದೆ. ಇದಕ್ಕಾಗಿ ನಿಮ್ಮನ್ನು ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಎಳೆದೆ. ಗೆದ್ದೆ ಕೂಡ. ಗೆದ್ದ ಮೇಲೂ ಈ ಪತ್ರ ಬರೆಯಬೇಕಾಗಿದೆ ಎಂದರೆ ನಿಮ್ಮ ಪ್ರತಿಭೆಗೆ ಎರಡೂ ಕೈ ಎತ್ತಿ ಮುಗಿಯಬೇಕು.

ಪತ್ರ ಕನ್ನಡದಲ್ಲಿದೆಯಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಶಾಖೆಯ ಗಾಜಿನ ಬಾಗಿಲ ಮೇಲೆ, ಹಲ್ಲೆಲ್ಲ ತೋರಿಸಿ ನಗುವ ಒಬ್ಬಳು ಹುಡುಗಿಯ ಚಿತ್ರದ ಕೆಳಗೆ, ‘ನಿಮ್ಮ ಭಾಷೆಯಲ್ಲೇ ನಿಮ್ಮ ಬ್ಯಾಂಕ್’ ಎಂದು ನೀವೇ ಬರೆಸಿದ್ದೀರಿ. ಇದು ನನ್ನ ಭಾಷೆ. ಓದಲು ಬರದಿದ್ದರೆ ಬರುವವರನ್ನು ಹುಡುಕಿ, ಅವರೆದುರು ಕೂತು ಕೇಳಿಸಿಕೊಳ್ಳಿ. ಇನ್ನೊಬ್ಬರ ಬಾಯಿಯನ್ನು ನಂಬಿ ಕೂರುವುದು ಹೇಗಿರುತ್ತದೆ ಎಂದು ತಮಗೂ ಸ್ವಲ್ಪ ತಿಳಿಯಲಿ. ನಾನು ಹಾಗೆ ಬಹಳ ಕಾಲ ಕೂತಿದ್ದೆ. ಈ ಕಥೆ ಶುರುವಾಗುವುದೂ ಅಲ್ಲಿಂದಲೇ.

ನಾನು ಈ ಊರಿಗೆ ಬಂದಾಗ ಇಲ್ಲಿನ ಭಾಷೆಯಲ್ಲಿ ‘ಹೌದು’, ‘ಆಯಿತು’, ‘ಕ್ಷಮಿಸಿ’ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕಿತ್ತು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಒದ್ದೆ ಬೆಡ್‌ಶೀಟಿನ ಒಂದು ಮೂಲೆ ನಾನು, ಇನ್ನೊಂದು ಮೂಲೆ ಎದುರಿನವನು ಹಿಡಿದು, ಬಿಸಿ ರೋಲರಿನ ಬಾಯಿಗೆ ಸುಕ್ಕಿಲ್ಲದಂತೆ ಕೊಡಬೇಕು. ಆ ಗದ್ದಲದಲ್ಲಿ ಪಂಡಿತನಿಗೂ ಮೂಗನಿಗೂ ವ್ಯತ್ಯಾಸವಿಲ್ಲ, ಎಲ್ಲರದೂ ಕೈಸನ್ನೆಯೇ.

ಕೆಲಸ ಮುಗಿಸಿ ಕೋಣೆಗೆ ಬಂದರೆ ಬೇರೆ ವ್ಯವಸ್ಥೆ. ನಾವು ಆರು ಜನ. ಅಡುಗೆ ಒಬ್ಬನದು, ಕಸ ಒಬ್ಬನದು, ಬಾತ್‌ರೂಮು ಉಜ್ಜುವುದು ಸರದಿಯ ಮೇಲೆ, ಫೋನಿನಲ್ಲಿ ಮಾತಾಡುವುದು ಮಾತ್ರ ಕಾಯಂ ಆಗಿ ರೇಡಿಯೊ ಅಣ್ಣನದು. ನಮ್ಮೆಲ್ಲರಿಗಿಂತ ಹಿರಿಯ, ಮೊದಲು ಬಂದವನು, ಇಲ್ಲಿನ ಭಾಷೆಯನ್ನು ಇಲ್ಲಿಯವರಿಗಿಂತ ಜೋರಾಗಿ ಆಡುವವನು. ದಂತವೈದ್ಯರಿಗೆ ಫೋನ್ ಮಾಡಿದಾಗ ಅವನೇ ನಾನು, ಕರೆಂಟಿನ ಕಚೇರಿಗೆ ಫೋನ್ ಮಾಡಿದಾಗ ಅವನೇ ಅಡುಗೆಯವನು, ಮನೆ ಮಾಲೀಕನಿಗೆ ಫೋನ್ ಮಾಡಿದಾಗ ಆರೂ ಜನ ಅವನೇ. ಬದಲಿಗೆ ಅವನ ತಟ್ಟೆಯನ್ನು ನಾವು ತೊಳೆಯುತ್ತಿದ್ದೆವು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಬಾಯಿ ಇದ್ದವನು ಬಾಯಿ ಕೊಟ್ಟ, ಕೈ ಇದ್ದವರು ಕೈ ಜೋಡಿಸಿದೆವು.

ಹೀಗಿರುವಾಗ ನಿಮ್ಮ ಬ್ಯಾಂಕಿಗೆ ಹೊಸ ಬುದ್ಧಿ ಹೊಳೆಯಿತು. ಗ್ರಾಹಕನ ದನಿಯೇ ಇನ್ನು ಕೀಲಿಯಂತೆ. ನಿಮ್ಮ ಕಡೆಯ ಹೆಣ್ಣುಮಗಳೊಬ್ಬಳು ಕರೆ ಮಾಡಿ, ‘ನನ್ನ ದನಿಯೇ ನನ್ನ ಕೀಲಿ’ ಎಂದು ಹೇಳಲು ಹೇಳಿದಳು. ಎಂದಿನಂತೆ ಫೋನು ರೇಡಿಯೊ ಅಣ್ಣನ ಕೈಗೆ ಹೋಯಿತು. ಅವನು ಅವಳ ಜೊತೆ ಏನೇನೋ ಮಾತಾಡಿ, ಆಮೇಲೆ ಗಂಟಲು ಸರಿಮಾಡಿಕೊಂಡು ಆ ವಾಕ್ಯ ಹೇಳಿದ. ಏನು ಮಾತಾಡಿದ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಪಕ್ಕದಲ್ಲಿ ಕಾಲುಚೀಲ ಮಡಚುತ್ತಾ ಕೂತಿದ್ದೆ. ಅದೇ ವಾರ ಕೋಣೆಯ ಉಳಿದವರ ಖಾತೆಗಳಿಗೂ ಅವನೇ ದನಿ ಕೊಟ್ಟ. ಆರು ಖಾತೆ, ಆರು ಮುಖ, ಒಂದೇ ಗಂಟಲು. ನಿಮ್ಮ ಮಹಾಯಂತ್ರಕ್ಕೆ ಒಮ್ಮೆಯಾದರೂ ಅನುಮಾನ ಬಂತೇ? ಇಲ್ಲ. ಆರೂ ಜನರಿಗೆ ಅಭಿನಂದನೆಯ ಸಂದೇಶ ಕಳಿಸಿತು.

ನಾನು ಮಾತ್ರ ಒಂದು ತಪ್ಪು ಮಾಡಿದೆ. ಭಾಷೆ ಕಲಿತೆ. ಬಸ್ಸಿನಲ್ಲಿ, ಲಾಂಡ್ರಿಯ ಊಟದ ಕೋಣೆಯಲ್ಲಿ, ಅಂಗಡಿಯವಳ ಬೈಗುಳದಲ್ಲಿ ಹೆಕ್ಕಿ ಹೆಕ್ಕಿ ಕಲಿತೆ. ಜೀವನಪೂರ್ತಿ ಬೆಡ್‌ಶೀಟಿನ ಮೂಲೆ ಹಿಡಿದು ನಿಲ್ಲುವ ಆಸೆ ನನಗಿರಲಿಲ್ಲ. ಕ್ರೇನ್ ಓಡಿಸುವ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಮುಂಗಡ ಕಟ್ಟಿದ್ದೆ, ಉಳಿದ ಶುಲ್ಕ ಕಟ್ಟಬೇಕಿತ್ತು. ಅಂದು ಮೊದಲ ಸಲ ನಿಮ್ಮ ಬ್ಯಾಂಕಿಗೆ ನಾನೇ ಫೋನ್ ಮಾಡಿದೆ. ಎದೆಯುಬ್ಬಿಸಿ, ಒಂದಕ್ಷರ ತಪ್ಪದೆ, ‘ನನ್ನ ದನಿಯೇ ನನ್ನ ಕೀಲಿ’ ಎಂದೆ. ಯಂತ್ರ, ಕ್ಷಮಿಸಿ, ದನಿ ಹೊಂದುತ್ತಿಲ್ಲ ಎಂದಿತು. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ರೇಡಿಯೊ ಅಣ್ಣನ ಹಾಗೆ ಮೂಗಿನಲ್ಲೂ ಹೇಳಿ ನೋಡಿದೆ. ಅನುಮಾನಾಸ್ಪದ ಚಟುವಟಿಕೆ ಎಂದು ಖಾತೆಗೆ ಬೀಗ ಬಿತ್ತು.

ಶಾಖೆಗೆ ಓಡಿದೆ. ಪಾಸ್‌ಪೋರ್ಟು, ಕೆಲಸದ ಚೀಟಿ, ಬಾಡಿಗೆ ಕರಾರು, ಎಲ್ಲಕ್ಕಿಂತ ಮುಖ್ಯವಾಗಿ ಮುಖ, ಇಷ್ಟನ್ನೂ ಕೌಂಟರಿನ ಮೇಲೆ ಇಟ್ಟೆ. ಕೌಂಟರಿನ ಹೆಂಗಸು ಫೋಟೊ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೋಟೊ ನೋಡಿದಳು.

“ನೀವೇ ಅಂತ ನಂಗೆ ಗೊತ್ತಾಗ್ತಿದೆ. ಸಿಸ್ಟಮ್‌ಗೆ ಗೊತ್ತಾಗ್ತಿಲ್ಲ.”

“ಸಿಸ್ಟಮ್‌ಗೆ ನೀವು ಹೇಳಿ ಮೇಡಮ್.”

“ನಾವು ಹೇಳಿದ್ರೆ ಅದು ಕೇಳಲ್ಲ. ನೀವೇ ಸಹಾಯವಾಣಿಗೆ ಫೋನ್ ಮಾಡಿ, ದನಿಯಲ್ಲಿ ದೃಢಪಡಿಸ್ಬೇಕು.”

“ನನ್ನ ದನಿ ಒಪ್ತಿಲ್ಲ ಅಂತಾನೇ ಇಲ್ಲಿಗೆ ಬಂದಿದ್ದು!”

ಆಕೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಕರುಣೆಯಿಂದಲೇ ಹೇಳಿದಳು: “ಮೊದಲು ಯಾರು ಹೇಳಿದ್ರೋ, ಅವರ ಕೈಲೇ ಹೇಳಿಸ್ಬಿಡಿ. ತೆರ್ಕೊಳ್ಳತ್ತೆ.”

ಮಾನ್ಯರೇ, ನಿಮ್ಮದೇ ನಿಯಮ ಪುಸ್ತಕದಲ್ಲಿ ಇನ್ನೊಬ್ಬರಂತೆ ನಟಿಸಿ ಖಾತೆಯ ಬೀಗ ತೆಗೆಸುವುದು ಅಪರಾಧ. ನಿಮ್ಮದೇ ಕೌಂಟರಿನಲ್ಲಿ ಅದೇ ಪರಿಹಾರ. ನಾನು ಸತ್ಯ ಹೇಳಿದರೆ ಕಳ್ಳ, ಇನ್ನೊಬ್ಬ ಸುಳ್ಳು ಹೇಳಿದರೆ ನಾನು ಸಾಚಾ. ಈ ನೀತಿಯನ್ನು ಯಾವ ಸಮಿತಿ, ಎಷ್ಟು ಬಿಸ್ಕತ್ತು ತಿಂದು ರೂಪಿಸಿತು ಎಂದು ತಿಳಿಸುವಿರಾ?

ಕೋಣೆಯಲ್ಲಿ ರೇಡಿಯೊ ಅಣ್ಣ ಆಗಲೇ ಕೈ ಚಾಚಿದ್ದ.

“ಲೇ, ಎರಡು ನಿಮಿಷದ ಕೆಲ್ಸ. ಕೊಡೋ ಫೋನು.”

“ಬೇಡ ಅಣ್ಣ.”

“ನಾನು ನೀನಾಗಿ ಎಷ್ಟು ಕಾಲ ಆಯ್ತು, ಇವತ್ತೇನು ಹೊಸದಾ? ನಿನ್ನ ಹಲ್ಲು ಕೀಳಿಸಿದ್ದು ಯಾರು?”

“ಹಲ್ಲು ನೀನು ಕೀಳಿಸ್ದೆ. ಹೋಗಿದ್ದು ನಂದು.”

“ದುಡ್ಡು ಬೇಕಾ, ಮರ್ಯಾದೆ ಬೇಕಾ, ಒಂದು ಹೇಳು.”

“ಎರಡೂ.”

“ಹಂಗಾದ್ರೆ ಎರಡೂ ಸಿಗಲ್ಲ, ತಗೋ,” ಎಂದು ಮುಖ ತಿರುಗಿಸಿ ಮಲಗಿಬಿಟ್ಟ.

ಹೇಳಿಸಿದ್ದರೆ ಸೀಟು ಉಳಿಯುತ್ತಿತ್ತು, ನಿಜ. ಆದರೆ ರೇಡಿಯೊ ಅಣ್ಣ ನಾಳೆ ಬೇರೆ ಊರಿಗೆ ಹೋದರೆ ನಾನು ಯಾರು? ಅವನಿಗೆ ನೆಗಡಿಯಾದರೆ ನಾನು ಉಪವಾಸವೇ? ಅಷ್ಟು ಕಷ್ಟಪಟ್ಟು ಬಾಯಿ ತೆರೆಯಲು ಕಲಿತದ್ದು ಮತ್ತೆ ಅದನ್ನು ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದಕ್ಕೇ? ಶುಲ್ಕದ ಗಡುವು ಮುಗಿಯಿತು. ಸೀಟು ಬೇರೆಯವನಿಗೆ ಹೋಯಿತು, ಮುಂಗಡವೂ ಮುಳುಗಿತು. ನನ್ನ ಸಂಬಳ ಈಗ ರೇಡಿಯೊ ಅಣ್ಣನ ಖಾತೆಗೆ ಬರುತ್ತದೆ. ಬೀಗ ಬಿದ್ದ ನನ್ನ ಖಾತೆಯಿಂದ ನೀವು ಮಾತ್ರ ತಿಂಗಳು ತಿಂಗಳು ನಿರ್ವಹಣಾ ಶುಲ್ಕ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಿ. ಅದಕ್ಕೆ ಯಾರ ದನಿಯೂ ಬೇಕಾಗುವುದಿಲ್ಲ, ನೋಡಿ!

ಹಾಗಾಗಿ ಕೋರ್ಟು. ವಕೀಲರನ್ನು ಇಡಬೇಕಿಲ್ಲ, ಅರ್ಜಿ ಬರೆದು ಸಣ್ಣ ಶುಲ್ಕ ಕಟ್ಟಿದರೆ ಸಾಕು ಎಂದರು. ನೆಲಮಾಳಿಗೆಯ ಕೋಣೆ, ಮೂಲೆಯಲ್ಲಿ ಗೊರಗುಡುವ ಫೋಟೊಕಾಪಿ ಯಂತ್ರ. ನನಗಿಂತ ಮುಂಚಿನವರು ಬಾಗಿಲಿನ ಚೌಕಟ್ಟಿಗಿಂತ ದೊಡ್ಡ ಬಾಗಿಲು ಮಾಡಿಕೊಟ್ಟ ಬಡಗಿಯ ಮೇಲೆ ದಾವೆ ಹಾಕಿದ್ದರು. ಬಡಗಿ ಪಾಪ, ಸ್ವತಃ ಬಂದಿದ್ದ. ನಿಮ್ಮಿಂದ ಯಾರೂ ಬರಲಿಲ್ಲ. ನಿಮ್ಮ ಪರವಾಗಿ ಒಬ್ಬ ವಕೀಲರು ಮಾತ್ರ ಬಂದು, ಕಡತ ಇನ್ನೊಂದು ಕಟ್ಟಡದಲ್ಲಿದೆ ಎಂದು ಮುಂದಿನ ದಿನಾಂಕ ಕೇಳಿ ಹೋದರು.

ಮುಂದಿನ ದಿನಾಂಕಕ್ಕೆ ಕಡತದ ಜೊತೆ ಬ್ರಹ್ಮಾಸ್ತ್ರವನ್ನೂ ತಂದರು. ಅದು ಆ ಹಳೆಯ ಕರೆಯ ಧ್ವನಿಮುದ್ರಣ. ‘ಇದು ಅರ್ಜಿದಾರನ ದನಿಯಲ್ಲ ಎಂಬುದನ್ನು ಗಮನಿಸಬೇಕು’ ಎಂದು ಗಂಭೀರವಾಗಿ ಗುಂಡಿ ಒತ್ತಿದರು. ಇಡೀ ಕೋಣೆ ಕೇಳಿತು. ನಾನೂ ಮೊದಲ ಸಲ ಅರ್ಥವಾಗುವಂತೆ ಕೇಳಿದೆ.

“ಖಾತೆ ನಂದಲ್ಲಮ್ಮ, ಪಕ್ಕದಲ್ಲಿ ಕೂತಿದ್ದಾನಲ್ಲ, ಈ ಹುಡುಗಂದು. ಅವನಿಗೆ ಭಾಷೆ ಬರಲ್ಲ.”

“ಪರವಾಗಿಲ್ಲ ಸರ್, ನೀವೇ ಹೇಳಿಬಿಡಿ.”

“ಆಮೇಲೆ ಅವನು ಮಾತಾಡಿದ್ರೆ ತೊಂದ್ರೆ ಆಗಲ್ವಾ?”

“ಏನೂ ಆಗಲ್ಲ ಸರ್. ಬೇಗ ಹೇಳಿ, ಇನ್ನೂ ತುಂಬಾ ಜನ ಲೈನಲ್ಲಿದ್ದಾರೆ.”

ನಿಮ್ಮ ವಕೀಲರ ಬೆರಳು ಗುಂಡಿಯ ಮೇಲೆಯೇ ಉಳಿಯಿತು. ಪೂರ್ತಿ ಕೇಳದೆ ತಂದಿದ್ದರು ಎಂದು ಕಾಣುತ್ತದೆ. ರಜೆ ಹಾಕಿ ಸಾಕ್ಷಿಗೆ ಬಂದಿದ್ದ ರೇಡಿಯೊ ಅಣ್ಣ ಬಾಯಿ ತೆರೆಯಬೇಕಾಗಲೇ ಇಲ್ಲ. ಅವನ ಜೀವನದಲ್ಲಿ ಅದೊಂದು ದಾಖಲೆ.

“ಇದು ನಿಮ್ಮದೇ ರೆಕಾರ್ಡಿಂಗ್ ತಾನೆ?” ನ್ಯಾಯಾಧೀಶೆ ಕೇಳಿದರು.

“ಹೌದು, ಆದರೆ ಪೂರ್ತಿ ಸಂದರ್ಭವನ್ನು...”

“ಸಂದರ್ಭಾನೇ ಈಗ ಕೇಳಿಸಿದ್ದು.” ಆಮೇಲೆ ನನ್ನ ಕಡೆ ತಿರುಗಿದರು. “ದುಭಾಷಿ ಬೇಕಾ?”

“ಬೇಡಮ್ಮ, ನಾನೇ ಹೇಳ್ತೀನಿ.”

ಹೇಳಿದೆ. ನನ್ನ ವ್ಯಾಕರಣ ಆ ಬಡಗಿಯ ಬಾಗಿಲಿನ ಹಾಗೇ ಇತ್ತು, ಎಲ್ಲೂ ಸರಿಯಾಗಿ ಕೂರುತ್ತಿರಲಿಲ್ಲ. ಬೆವರಿದೆ, ತೊದಲಿದೆ. ಆಕೆ ಪೆನ್ನು ನಿಲ್ಲಿಸಿ, “ನಿಧಾನವಾಗಿ ಹೇಳಿ, ನಂಗೆ ಅರ್ಥ ಆಗ್ತಿದೆ” ಎಂದರು. ಈ ಊರಿನಲ್ಲಿ ನನ್ನ ದನಿಗೆ ಸಿಕ್ಕ ಮೊದಲ ರಸೀದಿ ಅದು. ಕೊನೆಗೆ ಆಕೆ, “ಬೀಗ ತೆಗೆಸೋ ಅಧಿಕಾರ ಈ ಕೋರ್ಟಿಗಿಲ್ಲ. ಹಣ ಕೊಡಿಸೋ ಅಧಿಕಾರ ಇದೆ” ಎಂದು, ಖಾತೆಯಲ್ಲಿರುವಷ್ಟು ಹಣ, ಮುಳುಗಿದ ಮುಂಗಡ ಮತ್ತು ಕೋರ್ಟಿನ ಖರ್ಚು, ಎಲ್ಲವನ್ನೂ ನನಗೆ ಕೊಡಬೇಕೆಂದು ಆದೇಶಿಸಿದರು.

ನೀವು ಆದೇಶ ಪಾಲಿಸಿದಿರಿ. ಅದೂ ಗಡುವಿಗೆ ಮುಂಚೆಯೇ. ನಿಮ್ಮ ಸಂದೇಶ ಬಂದಾಗ ನಾನು ರೋಲರಿನ ಮುಂದೆ ನಿಂತಿದ್ದೆ: ‘ತೀರ್ಪಿನ ಪೂರ್ಣ ಮೊತ್ತವನ್ನು ತಮ್ಮ ಖಾತೆಗೆ ಜಮಾ ಮಾಡಲಾಗಿದೆ. ಪಡೆಯಲು ಸಹಾಯವಾಣಿಗೆ ಕರೆ ಮಾಡಿ, ದನಿಯಲ್ಲಿ ದೃಢಪಡಿಸಿ.’

ಯಾವ ಖಾತೆ? ಅದೇ ಖಾತೆ!

ಕೋಣೆಗೆ ಬಂದು ತೋರಿಸಿದರೆ ರೇಡಿಯೊ ಅಣ್ಣ ಸಿಂಕಿನ ಅಂಚು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಸೋತವರನ್ನ ಒಳಗೆ ಹಾಕೋದು ನೋಡಿದ್ದೆ ಕಣೋ. ಗೆದ್ದವನ ದುಡ್ಡನ್ನ ಒಳಗೆ ಹಾಕಿದ್ದು ಇದೇ ಮೊದಲು,” ಎಂದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಟವೆಲಿನಲ್ಲಿ ಕೈ ಒರೆಸಿಕೊಂಡು, ಈ ಸಲ ಫೋನು ಕೇಳಲಿಲ್ಲ. “ಇನ್ನೊಂದು ಅರ್ಜಿ ಹಾಕು. ಕೋರ್ಟ್ ಫೀಜು ನಾನು ಕೊಡ್ತೀನಿ,” ಎಂದ.

ಹಾಕಿದ್ದೇನೆ. ತೀರ್ಪು ಜಾರಿ ಮಾಡಿಸುವ ಅರ್ಜಿ. ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿ ಕೇಳಿಸಿಕೊಳ್ಳಿ. ಕ್ರೇನ್ ಶಾಲೆಯ ಮುಂದಿನ ತಂಡಕ್ಕೆ ಈ ತಿಂಗಳ ಕೊನೆಯವರೆಗೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ನನ್ನ ಹಣವನ್ನು ಚೆಕ್ಕಿನಲ್ಲಿ, ನಿಮ್ಮ ಕೌಂಟರಿನಲ್ಲಿ, ನನ್ನ ಮುಖ ನೋಡಿ ನನ್ನ ಕೈಗೆ ಕೊಡಬೇಕು. ಕೊಡುವವರಿಗೆ ಎರಡು ಕಣ್ಣಿದ್ದರೆ ಸಾಕು, ಬೇರೆ ಅರ್ಹತೆ ಬೇಡ. ನಮ್ಮ ಕೋಣೆಯ ಉಳಿದ ನಾಲ್ವರನ್ನೂ ಕರೆಸಿ, ಅವರವರ ದನಿ ಅವರವರಿಂದಲೇ ದಾಖಲಿಸಬೇಕು, ಇನ್ನೊಬ್ಬನ ಸೀಟು ಹೋಗುವ ಮುಂಚೆ.

ಇಲ್ಲವಾದರೆ ಕೋರ್ಟಿನ ಸಿಬ್ಬಂದಿ ನಿಮ್ಮ ಶಾಖೆಗೆ ಬಂದು ಜಪ್ತಿಯ ಚೀಟಿ ಅಂಟಿಸುತ್ತಾರೆ. ಮೊದಲಿಗೆ ಆ ಮೆತ್ತನೆಯ ಸೋಫಾ, ಆಮೇಲೆ ಕಾಫಿ ಯಂತ್ರ, ಆಮೇಲೆ ಕೌಂಟರಿನ ಮೇಲಿನ ಒಂದೊಂದೇ ಕಂಪ್ಯೂಟರು. ಅವರು ಸೋಫಾವನ್ನು ‘ನೀನು ಈ ಬ್ಯಾಂಕಿನ ಸೋಫಾ ಹೌದೋ ಅಲ್ಲವೋ, ಮೂರು ಸಲ ಹೇಳು’ ಎಂದು ಕೇಳುವುದಿಲ್ಲವಂತೆ. ವಿಚಾರಿಸಿಕೊಂಡಿದ್ದೇನೆ.

ಇಂತಿ, ‘ತಮ್ಮ ವಿಶ್ವಾಸಿ’ ಎಂದು ಬರೆಯುವುದು ವಾಡಿಕೆ. ನನ್ನ ವಿಶ್ವಾಸವೂ ತಮ್ಮಲ್ಲೇ ಜಮಾ ಆಗಿದೆ, ಸದ್ಯಕ್ಕೆ ತೆಗೆಯಲಾಗುತ್ತಿಲ್ಲ.

ಲಾಂಡ್ರಿಯ ರೋಲರಿನ ಎಡಗಡೆ ನಿಲ್ಲುವವನು