ದ್ಯಾಮವ್ವನ ಎಡಗೈ

ಪ್ರೀತಿಯ ಅತ್ತಿ,

ನಿಮಗೆ ಓದು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಹಾಗೆಯೇ, ಹಿತ್ತಲ ಬಾಗಿಲಲ್ಲಿ ಕುಳಿತು, ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆಯುತ್ತಿದ್ದೇನೆ.

ಅವತ್ತು ನೀವು ಶ್ರೀರಾಮನಗರದ ಕಡೆ ಭತ್ತದ ನಾಟಿ ಮುಗಿಸಿ, ಟಂಟಂ ಆಟೊ ಇಳಿದು ಬಂದಿರಿ. ಕಟ್ಟೆಯ ಮೇಲೆ ಕುಳಿತವರು ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಿರಿ. ಎರಡೂ ಕೈ ಮಡಿಲಲ್ಲಿ, ಅಂಗೈ ಮೇಲಾಗಿ ಬಿದ್ದಿದ್ದವು. ಕೆಸರು ನೀರಿನಲ್ಲಿ ನೆನೆದು ಬೆರಳಸಂದಿ ಬೆಳ್ಳಗಾಗಿತ್ತು, ಉಗುರು ಕಪ್ಪಾಗಿದ್ದವು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು ನಾನು, ನೋಡಿ ಸುಮ್ಮನಿರಲಾಗಲಿಲ್ಲ. ಒಳಗಿನಿಂದ ಕಾಗದ ತಂದು ಆ ಕೈಗಳ ಚಿತ್ರ ಬರೆದುಕೊಂಡೆ. ನಿಮ್ಮನ್ನು ಕೇಳಲಿಲ್ಲ. ಕೇಳಬೇಕೆಂದು ಆಗ ಹೊಳೆಯಲೂ ಇಲ್ಲ.

ಕೊಪ್ಪಳದ ಚಿತ್ರಪ್ರದರ್ಶನಕ್ಕೆ ನಿಮ್ಮನ್ನು ಕರೆದುಕೊಂಡು ಹೋದದ್ದು ನೆನಪಿದೆಯೇ? ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದಿರಿ. ನಾನು ಬರೆದ ಆಳೆತ್ತರದ ಚಿತ್ರದಲ್ಲಿ ನಿಮ್ಮ ಎರಡು ಕೈ. ಜನ ನಿಂತು ನೋಡುತ್ತಿದ್ದರು. ಒಬ್ಬರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ನೀವು ಚಿತ್ರದ ಕೆಳಗಿನ ಚೀಟಿಯ ಕಡೆ ಬೆರಳು ಮಾಡಿದಿರಿ.

"ಅಲ್ಲೇನ ಬರದೈತಿ? ನನ್ನ ಹೆಸರೈತೇನು?"

"ಇಲ್ರಿ ಅತ್ತಿ. ಶ್ರಮ ಅಂತ ಐತ್ರಿ."

"ಹಂಗಂದ್ರ?"

"ದುಡಿಮಿ ಅಂದಂಗರಿ."

"ಕೈ ನನ್ನವಲ್ಲೇನು ಮತ್ತ?"

ಇವು ದುಡಿಯುವ ಎಲ್ಲರ ಕೈ ಎಂದು ಬೆಳಿಗ್ಗೆಯಿಂದ ಬಂದವರಿಗೆಲ್ಲ ಹೇಳಿದ್ದೆ. ನಿಮ್ಮೆದುರು ಆ ಮಾತು ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ನಮ್ಮೂರು ಇರಕಲ್ಲಗಡ ಬರುವವರೆಗೂ ನೀವು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಕುಳಿತಿದ್ದಿರಿ.

ಮೂರು ದಿನ ರೊಟ್ಟಿ ಬಡಿಯುವಾಗಲೂ ನನಗೆ ಬೆನ್ನು ಮಾಡಿ ಕೂಡುತ್ತಿದ್ದಿರಿ. ನಾಲ್ಕನೆಯ ದಿನ ಒಂದು ಕೌದಿ ತಂದು ನನ್ನ ಮುಂದೆ ಹರವಿದಿರಿ. ನಿಮ್ಮ ಹಳೆಯ ಸೀರೆಗಳು, ಮಕ್ಕಳ ಅಂಗಿ, ಮಾವನವರ ರುಮಾಲು, ಎಲ್ಲ ತುಂಡುಗಳೂ ಸೇರಿ ಒಂದು ಹೊದಿಕೆ. ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಹಾಕುತ್ತ ಹಾಕುತ್ತ, ಎಲ್ಲೂ ದಾರಿ ತಪ್ಪದೆ ನಡುವಿಗೆ ಬಂದು ನಿಂತಿತ್ತು.

"ಇದನ್ನ ಮಾಡಿದ್ದೂ ಇವ ಕೈ," ಅಂದಿರಿ. "ನೀ ದಣದ ಕೈ ಅಷ್ಟ ಕಂಡಿ. ನಾ ಏನ ಬರೇ ದಣಕೊಂತ ಬದುಕೀನೇನು, ಶೈಲಾ?"

ನಿಮ್ಮ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಬೇಸಿಗೆಯ ಮಧ್ಯಾಹ್ನಗಳು ಈಗಲೂ ಕಣ್ಣ ಮುಂದಿವೆ. ನೀವು ಹೊಸ ಕೌದಿ ಹೊಲಿಯಲು ಕುಳಿತರೆ ನಾನು ಎದುರಿಗೆ ಕಾಗದ ಹಿಡಿದು ಹೊಸ ಚಿತ್ರಕ್ಕೆ ಕೂಡುತ್ತಿದ್ದೆ. "ಸ್ವಲ್ಪ ತಡೀರಿ ಅತ್ತಿ, ಕೈ ಹಂಗ ಇರ್ಲಿ," ಅಂದರೆ, "ಕೈ ನಿಂತರ ಹೊಲಗಿ ಹೆಂಗ ಸಾಗತೈತಿ?" ಎಂದು ನಗುತ್ತಿದ್ದಿರಿ. ಕೊನೆಗೆ ನನ್ನ ಕೈಗೇ ಸೂಜಿ ಕೊಟ್ಟಿರಿ. ನನ್ನ ಹೊಲಿಗೆ ನೋಡಿ, "ಇದೇನ ಆಡು ನಡದಂಗ ಐತಲ್ಲ," ಅಂದದ್ದು ನಿಮಗೆ ನೆನಪಿರಲಿಕ್ಕಿಲ್ಲ.

ಹೊಲಿದ ಮೇಲೆಯೇ ನನಗೆ ತಿಳಿಯಿತು. ನೋಡುವವರಿಗೆ ಕಾಣುವುದು ಬಲಗೈ. ಬಟ್ಟೆಯ ಅಡಿಯಲ್ಲಿ ಎಡಗೈ ಇರುತ್ತದೆ. ಸೂಜಿ ಎಲ್ಲಿ ಇಳಿಯಿತೆಂದು ಅದೇ ತಡಕಿ ತಿಳಿಯಬೇಕು, ಅದೇ ಮೊನೆಯನ್ನು ತಿರುಗಿಸಿ ಮೇಲಕ್ಕೆ ಕಳಿಸಬೇಕು. ಚುಚ್ಚಿಸಿಕೊಳ್ಳುವುದೂ ಅದೇ. ನಿಮ್ಮ ಎಡಗೈಯ ತೋರುಬೆರಳ ತುದಿ ಅಷ್ಟೊಂದು ಗಡುಸಾದದ್ದು ಸೂಜಿಯಿಂದ. ನಾನು ಅದನ್ನು ಕೆಸರಿನ ಗುರುತೆಂದು ಬರೆದಿದ್ದೆ. ಹತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತವಳು ನಾನು, ಆದರೂ...

ಬಲಗೈ ಬರೆದು ಮುಗಿದಿತ್ತು. ಎಡಗೈಯನ್ನು ಹೇಗೆ ತೋರಿಸುವುದೆಂದು ಯೋಚಿಸುತ್ತಿದ್ದಾಗಲೇ ನಿಮಗೆ ಎದೆನೋವು ಬಂತು. ಆಸ್ಪತ್ರೆಯ ಮಂಚದ ಮೇಲೆ ನಿಮ್ಮ ಎಡಗೈ ಅಲ್ಲಾಡದೆ ಮಲಗಿತ್ತು. ನನ್ನ ಚೀಲದಲ್ಲಿ ಪೆನ್ಸಿಲ್ ಇತ್ತು, ಕಾಗದ ಇತ್ತು. ಎರಡು ದಿನ ಪಕ್ಕದಲ್ಲೇ ಇದ್ದೆ. ಬರೆಯಲಿಲ್ಲ. ಆ ಕೈಯನ್ನು ಹಿಡಿದುಕೊಂಡು ಕುಳಿತೆ. ಮೂರನೆಯ ದಿನ ಬೆಳಿಗ್ಗೆ ನೀವು ಹೊರಟುಹೋದಿರಿ.

ಚಿತ್ರ ಮುಗಿಸಲು ಏಳು ತಿಂಗಳು ಬೇಕಾಯಿತು. ಎಡಗೈಯನ್ನು ನಾನು ಬರೆದಿಲ್ಲ, ಅತ್ತಿ. ಕೌದಿಯ ಅಡಿಯಿಂದ ಸಣ್ಣದೊಂದು ಉಬ್ಬು ಮಾತ್ರ ಇದೆ, ಸೂಜಿಯ ದಾರಿ ಕಾಯುವ ಬೆರಳಿನದು. ಕೆಳಗೆ 'ದ್ಯಾಮವ್ವ, ಕೌದಿ ಹೊಲಿಯುವಾಗ' ಎಂದು ಬರೆದೆ. ಈಗ ಅದು ನಮ್ಮ ಶಾಲೆಯ ಪಡಸಾಲೆಯಲ್ಲಿದೆ. ಮೊದಲಿನ ಚಿತ್ರವನ್ನು ಹರಿದು ಹಾಕಿಲ್ಲ. ಆ ದಣಿವು ಕೂಡ ನಿಮ್ಮದೇ ತಾನೆ? ಅದರ ಚೀಟಿಯನ್ನು ಮಾತ್ರ ಕಿತ್ತು ತೆಗೆದೆ.

ಕಳೆದ ವಾರ ನಾಟಿಯಲ್ಲಿ ನಿಮ್ಮ ಜೊತೆಗಾತಿಯಾಗಿದ್ದ ಹನುಮವ್ವ ಶಾಲೆಗೆ ಬಂದಿದ್ದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಖರೇನ ದ್ಯಾಮವ್ವ ಕೂತಂಗ ಐತಿ," ಅಂದರು. ಈ ಸಲ ನಾನು ಮೊದಲು ಕೇಳಿದೆ: "ನಿಮ್ಮ ಕೈದೂ ಚಿತ್ರ ತಗೀಲೇನ್ರಿ?"

ಅವರು ತಲೆಯಲ್ಲಾಡಿಸಿದರು. "ನೀ ಬ್ಯಾಡವ್ವಾ. ಬಣ್ಣ ಕೊಡು. ನನ್ನ ಕೈ ನಾನ ತಗೀತೀನಿ."

ನನ್ನ ಬ್ರಷ್ ಹಿಡಿದು, ಅರ್ಧ ತಾಸು ತಲೆ ಎತ್ತದೆ ಬರೆದರು. ಹೆಬ್ಬೆರಳು ತಪ್ಪು ಕಡೆಗೆ ಬಂದಿದೆ. ಬಳೆಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣ. ಅಂಗೈ ತುಂಬ ಸಾಲು ಸಾಲಾಗಿ ಹಸಿರು ಚುಕ್ಕಿ ಇಟ್ಟು, "ಸಸಿ," ಅಂದರು. ತಿದ್ದಲು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ.

ಬರುವ ಅಮಾವಾಸ್ಯೆಗೆ ಹೊಲದ ಕೆಲಸಕ್ಕೆ ಬಿಡುವು. ಅವತ್ತು ಹನುಮವ್ವ ನಾಟಿಯ ಇನ್ನೂ ಆರು ಮಂದಿಯನ್ನು ಕರೆತರುತ್ತಾರಂತೆ. ಕಾಗದ, ಬಣ್ಣ, ನೀರು ಇಟ್ಟುಕೊಡುತ್ತೇನೆ. ಕೇಳಿದರೆ ಬ್ರಷ್ ಹಿಡಿಯುವುದನ್ನು ತೋರಿಸುತ್ತೇನೆ. ಅವರ ಗೆರೆಗಳನ್ನು ಮಾತ್ರ ಮುಟ್ಟುವುದಿಲ್ಲ, ಅತ್ತಿ.

ನಿಮ್ಮ ಸೊಸೆ,
ಶೈಲಾ