ಎರಡೂವರೆ ಕಿಲೋ ಸರಪಳಿಯನ್ನು ಎಲ್ಲಿ ಕಟ್ಟಲಿ?

ಮೊದಲ ಮಹಡಿಯ ಕಿಟಕಿ ಪಕ್ಕದಲ್ಲಿ ಕೂರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ತಾಲೂಕು ಕಚೇರಿಯ ಆವರಣದಲ್ಲಿ ಸೈಕಲ್ ಕಟ್ಟಿಹಾಕಲು ಒಂದು ಕಂಬವೂ ಇಲ್ಲ. ಇದು ನನ್ನ ದೂರು. ಇಷ್ಟಕ್ಕೆ ಬಹಿರಂಗ ಪತ್ರವೇ ಎಂದು ನೀವು ನಗಬಹುದು. ಲಕೋಟೆಯಲ್ಲಿಟ್ಟು ಕೊಟ್ಟ ಅರ್ಜಿಯ ಗತಿ ಕಂಡ ಮೇಲೆ ಊರಿಗೆಲ್ಲ ಕೇಳುವಂತೆ ಬರೆಯುವುದೇ ವಾಸಿ ಎನಿಸಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ನಮ್ಮ ಊರು ಯಾವುದೆಂದು ಬರೆಯುವುದಿಲ್ಲ. ನಾಲ್ಕೂ ಕಡೆಯ ಅಧಿಕಾರಿಗಳು ಇದು ತಮಗೇ ಬರೆದದ್ದೆಂದು ತಿಳಿದರೆ ನನಗೆ ಮೂರು ಪತ್ರ ಬರೆಯುವ ಶ್ರಮ ಉಳಿಯುತ್ತದೆ.

ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ನಡೆದು ಬರಲಾಗದವರ ಮನೆಗೆ ಸೈಕಲ್ ಮೇಲೆ ಹೋಗಿ ರಕ್ತ ತೆಗೆದು ತರುವುದು ನನ್ನ ಪಾಲಿನ ಕೆಲಸ. ಹೋದ ವರ್ಷ ನಿಮ್ಮ ಆವರಣದಲ್ಲೇ ನನ್ನ ಹಳೆಯ ಸೈಕಲ್ ಕಳುವಾಯಿತು. ಹಿಂದಿನ ಗಾಲಿಗೆ ಬೀಗ ಹಾಕಿತ್ತು. ಕಳ್ಳರು ಸೈಕಲ್ಲನ್ನೇ ಎತ್ತಿ ಟೆಂಪೋದಲ್ಲಿ ಹಾಕಿಕೊಂಡು ಹೋದರು. ಆಗ ನಿಮ್ಮ ಸಿಬ್ಬಂದಿ ನನಗೆ ಉಪದೇಶ ಮಾಡಿದರು: "ಗಟ್ಟಿ ಕೀಲಿ ಹಾಕಬೇಕ್ರಿ ಅಕ್ಕಾರ. ನಿಮ್ಮ ಸೈಕಲ್ ನಾವು ಕಾಯಾಕಾಗತೈತೇನ್ರಿ?"

ಉಪದೇಶವನ್ನು ಶಿರಸಾವಹಿಸಿದೆ. ಮುರಗೋಡದಲ್ಲಿರುವ ನನ್ನ ತಮ್ಮ ಸಿದ್ದರಾಮ ಬೆಳಗಾವಿಯಿಂದ ಸರಪಳಿಯ ಕೀಲಿ ತಂದುಕೊಟ್ಟ. ಎರಡೂವರೆ ಕಿಲೋ. ಮುಂದಿನ ಬುಟ್ಟಿಯಲ್ಲಿಟ್ಟರೆ ಹ್ಯಾಂಡಲ್ ಎಡಕ್ಕೆ ಎಳೆಯುತ್ತದೆ. ಹಿಂದೆ ರಕ್ತದ ಸೀಸೆಗಳ ಪೆಟ್ಟಿಗೆ ಇದೆ. ಹಾಗಾಗಿ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಸಂಜೆಗೆ ಹೆಗಲ ಮೇಲೆ ಕೊಂಡಿಗಳ ಗುರುತು ಮೂಡಿರುತ್ತದೆ. "ಎಮ್ಮಿ ಹಿಡಿಯಾಕ ಹೊಂಟೀರೇನ್ರಿ?" ಎಂದು ಸಂತೆಯ ಹೆಂಗಸರು ಕೇಳುತ್ತಾರೆ. ಅವರಿಗೆ ನಕ್ಕು ಉತ್ತರ ಕೊಡಬಲ್ಲೆ. ಆದರೆ ಸರಪಳಿ ಎಷ್ಟೇ ಗಟ್ಟಿಯಿರಲಿ, ಅದನ್ನು ನೆಲದಲ್ಲಿ ಹೂತ ಯಾವುದಾದರೂ ವಸ್ತುವಿಗೆ ಬಿಗಿಯಬೇಕಲ್ಲ? ಸರ್ಕಾರಿ ಗಾಳಿಗೆ ಬಿಗಿಯಲು ಬರುತ್ತದೆಯೇ? ನಿಮ್ಮ ಕಾರಿಗೆ ತಗಡಿನ ಚಪ್ಪರವಿದೆ, ಅದರ ಕಂಬಗಳ ಹತ್ತಿರ ಸುಳಿಯುವಂತಿಲ್ಲ. ಇನ್ನುಳಿದದ್ದು ಗಾಲಿ ಕುರ್ಚಿಯವರಿಗಾಗಿ ಕಟ್ಟಿಸಿದ ಇಳಿಜಾರಿನ ಕಬ್ಬಿಣದ ಕಟಾಂಜನ ಒಂದೇ.

ಕಳೆದ ತಿಂಗಳು ಒಂದು ಬುಧವಾರ ನಾನು ಸೈಕಲ್ಲನ್ನು ಅದಕ್ಕೇ ಕಟ್ಟಿದೆ. ತಪ್ಪು ನನ್ನದು, ಅದನ್ನು ಮರೆಮಾಚುವುದಿಲ್ಲ. ಇಳಿಜಾರು ಖಾಲಿಯಿತ್ತು, ಐದು ನಿಮಿಷದ ಕೆಲಸ ಎಂದುಕೊಂಡೆ. ಮಗಳ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಿದ್ದಿಸಬೇಕಿತ್ತು. ಆಗ ಗಂಟೆ ಒಂದೂಕಾಲು. ನಿಮ್ಮ ಕಚೇರಿಯ ಓಣಿಯಲ್ಲೇ ಇರುವ ಸಪ್ನಾ ಎಂಬ ಏಳು ತಿಂಗಳ ಬಸುರಿ ಹನ್ನೆರಡಕ್ಕೆ ನನ್ನೆದುರೇ ಗ್ಲೂಕೋಸ್ ನೀರು ಕುಡಿದಿದ್ದಳು. ಸರಿಯಾಗಿ ಎರಡು ತಾಸಿಗೆ, ಅಂದರೆ ಎರಡು ಗಂಟೆಗೆ ಅವಳ ರಕ್ತ ತೆಗೆಯಬೇಕು. ತಡವಾದರೆ ಪರೀಕ್ಷೆ ಕೆಡುತ್ತದೆ.

ಒಂದೂವರೆಗೆ ನಿಮ್ಮ ಜವಾನರು ಜಾಲರಿ ಬಾಗಿಲು ಎಳೆದು ಹೊರಗಿನಿಂದ ಬೀಗ ಹಾಕಿದರು. ಸರದಿಯಲ್ಲಿದ್ದ ನಾವು ಒಂಬತ್ತು ಮಂದಿ ಒಳಗೇ ಉಳಿದೆವು.

"ಅಣ್ಣಾರ, ನನ್ನ ಹೊರಗ ಬಿಡ್ರಿ!" ಎಂದು ಕೂಗಿದೆ.

"ಊಟದ ಹೊತ್ರಿ. ಬಾಗಿಲಾ ತೆಗೆದರ ಹೊರಗಿನವರು ನುಗ್ಗತಾರ. ಸಾಹೇಬರ ಆರ್ಡರ್ ಐತ್ರಿ," ಎಂದು ಕೀಲಿಕೈ ಜೇಬಿಗಿಳಿಸಿ ಮನೆಗೆ ನಡೆದರು.

ಜಾಲರಿ ಹಿಡಿದು ನಿಂತಾಗಲೇ ನನಗೆ ಜಟ್ಟೆಪ್ಪನವರು ಕಂಡದ್ದು. ಬಸ್ ನಿಲ್ದಾಣದ ಹತ್ತಿರ ಮಿಕ್ಸರ್ ರಿಪೇರಿ ಮಾಡುವವರು; ಎರಡೂ ಕಾಲಿಗೆ ಬಲವಿಲ್ಲ, ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಓಡಾಡುತ್ತಾರೆ. ಮಾಸಾಶನದ ಅರ್ಜಿ ವಿಚಾರಿಸಲು ನನಗಿಂತ ಮೊದಲೇ ಬಂದು ಜಾಲರಿಯ ಹೊರಗಿನ ವರಾಂಡದ ಮೂಲೆಯಲ್ಲಿದ್ದರು. ಈಗ ಕೆಳಗಿಳಿಯಲು ಹೊರಟರೆ ಇಳಿಜಾರಿಗೆ ಅಡ್ಡಲಾಗಿ ನನ್ನ ಸೈಕಲ್.

"ಯಾರದಿದು ಸೈಕಲ್ಲು?"

"ನಂದ್ರಿ," ಎಂದೆ. ಜಾಲರಿಯಾಚೆ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಒಳಗೆ ಸಿಕ್ಕಿಬಿದ್ದಿದ್ದೆ, ಅವರನ್ನು ಹೊರಗೆ ನಾನೇ ಸಿಕ್ಕಿಸಿದ್ದೆ. ಜಾಲರಿಯ ಸಂದಿನಿಂದ ಸರಪಳಿಯ ಕೀಲಿಕೈ ಎಸೆದೆ. ಅದು ಗಾಡಿಯಿಂದ ಮಾರು ದೂರ ಬಿತ್ತು. ಅವರು ನೆಲಕ್ಕಿಳಿದು, ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಕೈಯೂರಿ ಸರಿದು, ಅದನ್ನು ಹೆಕ್ಕಿಕೊಂಡು, ಇಳಿಜಾರಿನಲ್ಲಿ ಹಾಗೆಯೇ ಇಳಿದು ಸರಪಳಿ ಬಿಚ್ಚಿದರು. ಸೈಕಲ್ಲನ್ನು ಪಕ್ಕಕ್ಕೆ ತಳ್ಳಿದರು. ಒಂಬತ್ತು ಮಂದಿ ನೋಡುತ್ತ ನಿಂತಿದ್ದೆವು. ಅದಕ್ಕಿಂತ ಹೆಚ್ಚು ನಾಚಿಕೆ ನನ್ನ ಜೀವಮಾನದಲ್ಲಿ ಆಗಿಲ್ಲ.

"ನೀವು ಹೋಗ್ರಿ ಅಣ್ಣಾರ. ನನ್ನ ಕ್ಷಮಿಸ್ರಿ," ಎಂದೆ. ಸಪ್ನಾಳ ವಿಷಯವನ್ನೂ ಹೇಳಿದೆ.

"ಬಸುರಿ ಹೆಣ್ಣಮಗಳು ಕಾಯಾಕತ್ತಾಳ ಅಂತೀರಿ. ನಾ ಹೆಂಗ ಹೋಗಲಿ?" ಎಂದು ಅವರು ಸರಪಳಿಯನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಮೇಲೆ ಸರಿದು ಬಂದರು. ಬಂದವರೇ ಅದರಿಂದ ಜಾಲರಿ ಬಾಗಿಲನ್ನು ಬಡಿಯತೊಡಗಿದರು. ಕಟ್ಟಡವೆಲ್ಲ ಅದುರಿತು.

ಆಗ ನಿಮ್ಮ ಕಿಟಕಿ ತೆರೆಯಿತು, ನೆನಪಿದೆಯೇ? "ಯಾರದು ಗಲಾಟೆ?" ಎಂದಿರಿ.

"ಒಳಗ ಮಂದಿ ಸಿಕ್ಕಾರ್ರಿ ಸಾಹೇಬ್ರ!"

"ಎರಡೂಕಾಲು ಗಂಟೆಗೆ ತೆಗೀತಾರೆ," ಎಂದು ಕಿಟಕಿ ಮುಚ್ಚಿಕೊಂಡಿರಿ. ನಿಮ್ಮ ಕೈಯಲ್ಲಿ ಊಟದ ಡಬ್ಬಿಯ ಮುಚ್ಚಳವಿತ್ತು. ಹಸಿವು ಎಲ್ಲರಿಗೂ ಒಂದೇ, ಅದನ್ನು ಆಕ್ಷೇಪಿಸುವುದಿಲ್ಲ. ಆದರೆ ಒಂದು ಫೋನು ಮಾಡಲು ಎಡಗೈ ಖಾಲಿಯಿರಲಿಲ್ಲವೇ?

ಜವಾನರು ಬಂದದ್ದು ಎರಡೂವರೆಗೆ. ನಾನು ಓಡಿ ತಲುಪುವ ಹೊತ್ತಿಗೆ ಸಪ್ನಾ ಗೋಡೆಗೊರಗಿ ಗಡಿಯಾರ ನೋಡುತ್ತ ಕುಳಿತಿದ್ದಳು. "ಅಕ್ಕಾ, ಮತ್ತ ಆ ನೀರು ಕುಡೀಬೇಕೇನು? ಹೊಟ್ಟಿ ತೊಳಸತೈತಿ," ಎಂದಳು. ಮರುದಿನ ಕುಡಿದಳು, ಅರ್ಧ ವಾಂತಿಯಾಯಿತು. ಮೂರನೆಯ ದಿನ ಇನ್ನೊಮ್ಮೆ ಕುಡಿಸಿ ಪರೀಕ್ಷೆ ಮುಗಿಸಿದೆ. ಸಕ್ಕರೆ ಹೆಚ್ಚಿತ್ತು. ಈಗ ಔಷಧ ನಡೆದಿದೆ. ಎರಡು ದಿನ ತಡವಾಯಿತು, ಆ ಎರಡು ದಿನ ಯಾರ ಕಡತದಲ್ಲಿ ಸೇರುತ್ತವೆ?

ಆ ವಾರವೇ ನಾನೂ ಜಟ್ಟೆಪ್ಪನವರೂ ಸಹಿ ಮಾಡಿ ಒಂದು ಅರ್ಜಿ ಕೊಟ್ಟೆವು. ಸೈಕಲ್ ಕಟ್ಟಲು ಬೇರೆ ಜಾಗ ಕೊಡಿ, ಇಳಿಜಾರು ತೆರವಾಗಿರಲಿ ಎಂದು ಕೇಳಿದ್ದೆವು. ನಿಮ್ಮ ಕಾರ್ಯದಕ್ಷತೆಗೆ ತಲೆಬಾಗಬೇಕು, ಮೂರೇ ವಾರದಲ್ಲಿ ಕ್ರಮವಾಯಿತು. "ಇಲ್ಲಿ ಸೈಕಲ್ ನಿಲ್ಲಿಸಬಾರದು" ಎಂಬ ಫಲಕ ಬಂತು. ಅದರ ಕಬ್ಬಿಣದ ಕಂಬವನ್ನು ಸಿಮೆಂಟ್ ಹಾಕಿ ಗಟ್ಟಿಯಾಗಿ ನೆಟ್ಟದ್ದು ಇಳಿಜಾರಿನ ಬಾಯಿಯ ನಟ್ಟನಡುವೆ.

ಕಂಬದ ಆಚೆಗೂ ಈಚೆಗೂ ಈಗ ಮೂರು ಗಾಲಿಯ ಗಾಡಿ ತೂರುವುದಿಲ್ಲ. ಸೋಮವಾರ ಜಟ್ಟೆಪ್ಪನವರು ಎರಡು ಸಲ ಪ್ರಯತ್ನಿಸಿ ಕೆಳಗೇ ನಿಂತರು. ಅವರ ಕಾಗದವನ್ನು ನಾನು ಒಳಗೆ ಒಯ್ದೆ. ಗುಮಾಸ್ತರು ಓದಿ ತಿರುಗಿ ಕೊಟ್ಟರು: "ಅರ್ಜಿದಾರರು ಖುದ್ದ ಬರಬೇಕ್ರಿ."

ಆದ್ದರಿಂದ ಕೇಳುತ್ತೇನೆ. ಆ ಕಂಬವನ್ನು ಈ ವಾರದೊಳಗೆ ಕೀಳಿಸಿ. ಚಪ್ಪರದ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಕಬ್ಬಿಣದ ಗೂಟ ನೆಡಿಸಿ. ಊಟದ ಹೊತ್ತಿಗೆ ಜನರನ್ನು ಒಳಗಿಟ್ಟು ಬೀಗ ಹಾಕುವುದನ್ನು ನಿಲ್ಲಿಸಿ. ಅಲ್ಲಿಯವರೆಗೆ, ದಯವಿಟ್ಟು ಮೆಟ್ಟಿಲಿಳಿದು ಬಂದು ಜಟ್ಟೆಪ್ಪನವರ ಅರ್ಜಿಯನ್ನು ನೀವೇ ಖುದ್ದಾಗಿ ತೆಗೆದುಕೊಳ್ಳಿ. ಪ್ರತಿ ಸೋಮವಾರ ಹನ್ನೊಂದಕ್ಕೆ ಅವರು ಕೆಳಗೆ ಬಿಸಿಲಲ್ಲಿರುತ್ತಾರೆ.

ಇಂತಿ,
ತಪ್ಪು ಜಾಗದಲ್ಲಿ ಸೈಕಲ್ ಕಟ್ಟಿದ, ಸರಿಯಾದ ಜಾಗ ಇನ್ನೂ ಸಿಗದ
ಅನ್ನಪೂರ್ಣಾ