ನಳಿಗೆಯ ಹೊಳಪು

ಚಿಕ್ಕಪ್ಪನವರ ಪಾದಕಮಲಗಳಿಗೆ, ಬೂಟುಗಳ ಸಮೇತ, ನಮಸ್ಕಾರ.

ನೀವು ರಿಪೇರಿಗೆ ಕಳಿಸಿದ ಕಾವಲಿನ ರೈಫಲ್ ನಮ್ಮ ಅಂಗಡಿಗೆ ಬಂತು. ನಳಿಗೆ ಕನ್ನಡಿಯಂತಿತ್ತು, ನಾನು ಅದರಲ್ಲೇ ಕ್ರಾಪು ತೀಡಿಕೊಂಡೆ. ಯಜಮಾನರು ಮಾತ್ರ ನಗಲಿಲ್ಲ. "ಯಾರಪ್ಪಾ ಇದನ್ನ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿರೋದು?" ಅಂದರು.

ಚಿಕ್ಕಪ್ಪ, ಆ ಉಕ್ಕನ್ನು ತುಕ್ಕಿನಿಂದ ಕಾಯುತ್ತಿದ್ದದ್ದೇ ಮೇಲಿನ ಕಪ್ಪು ಪದರ. ಅದು ಈರುಳ್ಳಿ ಸಿಪ್ಪೆಗಿಂತ ತೆಳು. ಎಣ್ಣೆಬಟ್ಟೆಯಲ್ಲಿ ಒರೆಸಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತಿತ್ತು. ನೀವು ಉಪ್ಪುಕಾಗದ ಹಾಕಿ ಒಳಗೂ ಹೊರಗೂ ಉಜ್ಜಿದ್ದೀರಿ. ಗುಂಡು ಕೂರುವ ಜಾಗದಲ್ಲಿ ತುಕ್ಕು ಹೊಕ್ಕು, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಇನ್ನೊಂದು ಗುಂಡು ಹಾರಿಸಿದ್ದರೆ ನಳಿಗೆಯೇ ನಿಮ್ಮ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತಿತ್ತು. ಆದ್ದರಿಂದ ಅದನ್ನು ವಾಪಸ್ ಕಳಿಸುತ್ತಿಲ್ಲ.

ಜೊತೆಯ ಕಾವಲುಗಾರರ ರೈಫಲ್ಲುಗಳನ್ನೂ ನೀವೇ ಪ್ರೀತಿಯಿಂದ ಹೊಳೆಸಿಕೊಟ್ಟಿದ್ದೀರೆಂದು ಚಿಕ್ಕಮ್ಮ ನಿನ್ನೆ, ಈ ಬಿರುಕು ನಮಗೆ ಕಾಣುವ ಮೊದಲು, ಫೋನಿನಲ್ಲಿ ಹೆಮ್ಮೆಪಟ್ಟಿದ್ದರು. ಇವತ್ತು ಸಂಜೆ ಅವರಿಗೆಲ್ಲ ಗುರಿ ಅಭ್ಯಾಸವಂತೆ.

ಬೆಳಗಿನಿಂದ ಫೋನ್ ಮಾಡುತ್ತಿದ್ದೇನೆ. ಹಿಂದೊಮ್ಮೆ ನಿಮ್ಮ ಟೋಪಿಯಲ್ಲಿ ಕಪ್ಪೆ ಇಟ್ಟ ನನ್ನ ದನಿ ಕೇಳಿದ ಕೂಡಲೇ ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ, ಯಜಮಾನರೂ ಕೆಳಗೆ ಸಹಿ ಹಾಕಿದ್ದಾರೆ. ಓದಿದ ಮೇಲೆ ಬೈಯಲು ಕೂರಬೇಡಿ. ಮೈದಾನಕ್ಕೆ ಓಡಿ.

ಈ ಸಲ ನಗುತ್ತಿಲ್ಲದ,
ನಿಮ್ಮ ಅಣ್ಣನ ಮಗ